ಮರೆಯಾಗುತ್ತಿದ್ದ ಅಕ್ಷರವನ್ನು ಉಳಿಸಿಕೊಟ್ಟ ಕೇಶಿರಾಜ

ಕನ್ನಡದ ಪ್ರಾಚೀನ ವ್ಯಾಕರಣಕಾರರಲ್ಲಿ ಜೈನ ವಿದ್ವಾಂಸರದೇ ದೊಡ್ಡ ಪಾಲು. ಎರಡನೆಯ ನಾಗವರ್ಮನ 'ಕರ್ಣಾಟಕ ಭಾಷಾಭೂಷಣ', ಭಟ್ಟಾಕಳಂಕದೇವನ 'ಕರ್ಣಾಟಕ ಶಬ್ದಾನುಶಾಸನ' (1604) ಸಂಸ್ಕೃತ ಸೂತ್ರಗಳಲ್ಲಿವೆ. ಇವರಿಬ್ಬರ ನಡುವೆ, 13ನೇ ಶತಮಾನದಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ರಚಿಸಿದನು. ಈತನ ತಂದೆ 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದ ಮಲ್ಲಿಕಾರ್ಜುನ. ಸೋದರಮಾವ 'ಯಶೋಧರ ಚರಿತೆ'ಯ ಕವಿ ಜನ್ನ.

ಕೇಶಿರಾಜನ ಕಾಲಕ್ಕೆ 'ೞ' ಅಕ್ಷರವು ಬಳಕೆ ತಪ್ಪಿ 'ಳ'ದಲ್ಲಿ ಬೆರೆಯುತ್ತಿತ್ತು. ಹಳಗನ್ನಡದಲ್ಲಿ 'ಬಾೞ್' ಎಂದರೆ ಜೀವಿಸು, 'ಬಾಳ್' ಎಂದರೆ ಕತ್ತಿ. ಅಕ್ಷರ ತಪ್ಪಿದರೆ ಬದುಕು ಕತ್ತಿಯಾಗುತ್ತದೆ! ಆದ್ದರಿಂದ ಕೇಶಿರಾಜನು 'ೞ' ಬರುವ ಶಬ್ದಗಳನ್ನು ಆರಿಸಿ ಪಟ್ಟಿ ಮಾಡಿಟ್ಟನು.

ಆತನ ನಿಯಮಗಳಿಗೆ ಪೂರ್ವಕವಿಗಳ ಪ್ರಯೋಗವೇ ಆಧಾರ. ತನಗೆ ಮಾರ್ಗದರ್ಶಕರೆಂದು ಆತ ನೆನೆಯುವವರಲ್ಲಿ ಪೊನ್ನನ ಜೊತೆಗೆ ಗಜಗ, ಅಸಗರೂ ಇದ್ದಾರೆ. ಈ ಇಬ್ಬರ ಕನ್ನಡ ಕಾವ್ಯಗಳು ಇಂದು ದೊರೆಯುವುದಿಲ್ಲ. ಹೆಸರು ಮಾತ್ರ ಉಳಿದಿದೆ.

ಕಿಟೆಲ್ ಅವರು 1872ರಲ್ಲಿ ಮಂಗಳೂರಿನಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದರು. ಪಂಪ, ರನ್ನ, ಜನ್ನರ ಕಾವ್ಯಗಳನ್ನು ಸರಿಯಾಗಿ ಅರಿಯಲು ಇಂದಿಗೂ ಇದೇ ಕನ್ನಡಿ. ಧರ್ಮಗ್ರಂಥಗಳನ್ನು ಓದಲು ಕಲಿಯುವ ಮಕ್ಕಳಿಗೆ 'ೞ'ದ ಪರಿಚಯವನ್ನಾದರೂ ಮಾಡಿಕೊಟ್ಟರೆ ಹಿರಿಯರ ಶ್ರಮ ಸಾರ್ಥಕ.