ಮಗು ಎಷ್ಟು ಕೆ.ಜಿ. ಉಂಟು?

ಹೆರಿಗೆ ಆದ ಮನೆಗೆ ಫೋನ್ ಮಾಡುವ ನಮ್ಮವರದು ಎರಡೇ ಪ್ರಶ್ನೆ. ಗಂಡಾ, ಹೆಣ್ಣಾ? ಎಷ್ಟು ಕೆ.ಜಿ. ಉಂಟು? ಮೂರೂವರೆ ಎಂದರೆ ಆ ಕಡೆಯಿಂದ ಜೋರಾಗಿ ‘ಮಾಶಾ ಅಲ್ಲಾಹ್’ ಬರುತ್ತದೆ. ಎರಡೂಕಾಲು ಎಂದರೆ ಒಂದು ಗಳಿಗೆ ಮಾತೇ ಇಲ್ಲ. ‘ಅವಳು ಸರಿ ತಿನ್ನಲಿಲ್ಲವಾ?’ ಎಂಬ ಕೊಂಕು ಬೇರೆ. ಬಾಣಂತಿಗೆ ಅದು ಕೇಳಿಸದೆ ಇರುತ್ತದಾ?

ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ವೈದ್ಯರು ಅದನ್ನು ಕಡಿಮೆ ತೂಕದ ಶಿಶು ಎನ್ನುತ್ತಾರೆ. ಆದರೆ ಎರಡು ಕಿಲೋದ ಮಕ್ಕಳೆಲ್ಲ ಒಂದೇ ಅಲ್ಲ. ಒಂದು, 37 ವಾರ ತುಂಬುವ ಮೊದಲೇ ಹುಟ್ಟಿದ್ದು. ಇನ್ನೊಂದು, ದಿನ ತುಂಬಿಯೂ ಹೊಟ್ಟೆಯೊಳಗೆ ಸರಿಯಾಗಿ ಬೆಳೆಯದ್ದು. ಇದಕ್ಕೆ ತಾಯಿಯ ರಕ್ತಹೀನತೆ, ಬಿ.ಪಿ., ಚಿಕ್ಕ ಪ್ರಾಯದ ಬಸಿರು, ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು, ಹೀಗೆ ಅನೇಕ ಕಾರಣಗಳುಂಟು. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಹುಟ್ಟಿದ ದಿನದಿಂದಲ್ಲ, ಡಾಕ್ಟರ್ ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಲೆಕ್ಕ ಹಾಕಬೇಕು. ಇದು ಗೊತ್ತಿಲ್ಲದೆ ಎಷ್ಟೋ ಉಮ್ಮಂದಿರು ಸುಮ್ಮನೆ ಅಳುತ್ತಾರೆ.

ಮೊದಲ ದಿನಗಳಲ್ಲಿ ಯಾವ ಮಗುವಿನ ತೂಕವೂ ಸ್ವಲ್ಪ ಇಳಿಯುತ್ತದೆ. ನೂರಕ್ಕೆ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಗಾಬರಿ ಬೇಡ, ಎರಡು ವಾರದಲ್ಲಿ ಮರಳಿ ಬರುತ್ತದೆ. ಐದಾರು ತಿಂಗಳಿಗೆ ಹುಟ್ಟುತೂಕದ ಎರಡು ಪಟ್ಟು, ವರ್ಷಕ್ಕೆ ಸುಮಾರು ಮೂರು ಪಟ್ಟು. ಸಣ್ಣದಾಗಿ ಹುಟ್ಟಿದ ಅನೇಕ ಮಕ್ಕಳು ಇದಕ್ಕಿಂತಲೂ ಬೇಗ ಬೆಳೆದು, ಎರಡು ವರ್ಷದೊಳಗೆ ಓರಗೆಯವರ ಹತ್ತಿರ ಬರುತ್ತಾರೆ. ಕೆಲವರು ಸಣ್ಣಗೇ ಉಳಿಯುತ್ತಾರೆ, ಅದೂ ಉಂಟು.

ಇಲ್ಲಿ ನಮ್ಮ ಮನೆಗಳಲ್ಲಿ ಅವಸರ ಶುರುವಾಗುತ್ತದೆ. ಡಾಕ್ಟರ್ ಹೇಳದೆ ಡಬ್ಬದ ಹಾಲು, ಸಕ್ಕರೆ ನೀರು, ಜೇನು. ತಹ್ನೀಕ್ ಬಗ್ಗೆ ಹದೀಸ್‌ನಲ್ಲಿ ಬಂದಿರುವುದು ಖರ್ಜೂರ, ಅದೂ ಅಂಗುಳಿಗೆ ಸವರುವಷ್ಟು. ಚಮಚದಲ್ಲಿ ಜೇನು ಕುಡಿಸುವುದಲ್ಲ. ವರ್ಷ ತುಂಬುವವರೆಗೆ ಜೇನು ಬೇಡ ಎಂದು ವೈದ್ಯರು ಹೇಳುವುದಕ್ಕೆ ಕಾರಣ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಶಿಶುವಿನ ಕರುಳಲ್ಲಿ ವಿಷ ಉಂಟುಮಾಡಬಹುದು ಎಂಬುದು. ಸಣ್ಣ ಮಗುವಿಗೆ ಬೇಕಾದದ್ದು ಎದೆಹಾಲು ಮತ್ತು ಬಿಸುಪು. ಚೀಪಲು ಶಕ್ತಿ ಇಲ್ಲದಿದ್ದರೆ ಹಾಲು ಹಿಂಡಿ ಕೊಡುವ ಕ್ರಮವನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ಎದೆಗೆ ಎದೆ ತಾಗಿಸಿ ಮಗುವನ್ನು ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ತಂದೆಯೂ ಮಾಡಬಹುದು. ನಮ್ಮ ಗಂಡಸರಿಗೆ ಯಾಕೋ ಇದಕ್ಕೆ ನಾಚಿಕೆ.

ಹಾಗೆಂದು ತುಂಬಿಸುತ್ತಲೇ ಇರುವುದೂ ಸರಿಯಲ್ಲ. ದಿಲ್ಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವ ತನಕ ತೂಗಿ ಅಳೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮುಂದೆ ಸಕ್ಕರೆ ಕಾಯಿಲೆ ಕಂಡವರಲ್ಲಿ ಹೆಚ್ಚಿನವರು ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ವರ್ಷ ವರ್ಷ ಮೈ ತುಂಬಿಕೊಂಡವರು. ಹನ್ನೆರಡು ವರ್ಷಕ್ಕೆ ಅವರಲ್ಲಿ ಯಾರೂ ನೋಡುವವರಿಗೆ ‘ದಡೂತಿ’ಯಾಗಿರಲಿಲ್ಲ! ಅಂದರೆ ಮೈ ಹಿಡಿಯಬೇಕಾದ ಕಾಲ ಮೊದಲ ಎರಡು ವರ್ಷ. ಐದಾರು ವರ್ಷದ ಮಗುವಿಗೆ ‘ಹುಟ್ಟುವಾಗ ಸಣ್ಣ ಇದ್ದದ್ದಲ್ವಾ’ ಎಂದು ಬೇಕರಿ ತಿಂಡಿ ತಿನ್ನಿಸುವುದು ಆ ಕೊರತೆ ತುಂಬುವುದಿಲ್ಲ.

ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣದ ಒಂದು ಪಟ ಉಂಟು. ಎರಡೂಕಾಲು ಕಿಲೋದ ಮಗು ಹಳದಿಯಿಂದ ಹೊರಟರೂ, ಗೆರೆ ತಿಂಗಳು ತಿಂಗಳು ಮೇಲೆ ಹೋಗುತ್ತಿದ್ದರೆ ಸಮಾಧಾನ. ಮೂರೂವರೆಯಲ್ಲಿ ಹುಟ್ಟಿದ ಮಗುವಿನ ಗೆರೆ ಅಡ್ಡಕ್ಕೆ ಮಲಗಿದರೆ ಆ ತಿಂಗಳೇ ಡಾಕ್ಟರಿಗೆ ತೋರಿಸಬೇಕು. ಅಂಗನವಾಡಿಯಲ್ಲಿ ತೂಕ ನೋಡುವುದಕ್ಕೆ ದುಡ್ಡಿಲ್ಲ.