ಎಲ್ಲರೂ ಜಿಗಿದ ಮೇಲೆ ಉಳಿಯುವವನು

ಆ ವಿಮಾನದಲ್ಲಿ ಇದ್ದದ್ದು ಒಂದೇ ಸೀಟು, ಪೈಲಟ್‌ನದು. ಉಳಿದವನ್ನೆಲ್ಲ ಕಿತ್ತು ನೆಲಕ್ಕೆ ದಪ್ಪನೆಯ ಹಾಸು ಹಾಕಿದ್ದರು. ಬಲಗಡೆಯ ಬಾಗಿಲು ಪಕ್ಕಕ್ಕೆ ತೆರೆಯದೆ ಮೇಲಕ್ಕೆದ್ದು ರೆಕ್ಕೆಯ ಅಡಿಗೆ ಆತುಕೊಳ್ಳುವಂತಿತ್ತು. ಅದರ ಕೆಳಗೆ, ಚಕ್ರದ ಮೇಲೆ, ಕಾಲೂರಲು ಒಂದು ಪುಟ್ಟ ಮೆಟ್ಟಿಲು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವಿನ ಚಿಕ್ಕದೊಂದು ರನ್‌ವೇ ಬಳಿ ನಾನು ನೋಡಿದ ಸೆಸ್ನಾ 182 ಅದು. ಅಕ್ಕನ ಮಗ ಮೊದಲ ಸಲ ಸ್ಕೈಡೈವಿಂಗ್ ಮಾಡುವವನಿದ್ದ. ಅದನ್ನು ನೋಡಲೆಂದೇ ಮನೆಮಂದಿಯೆಲ್ಲ ಹೋಗಿದ್ದೆವು.

ಅವನು ಜಿಗಿದ, ಪ್ಯಾರಾಶೂಟ್ ಬಿಚ್ಚಿಕೊಂಡಿತು, ನಾವು ಕತ್ತೆತ್ತಿ ಕೂಗಿದೆವು. ಮೈಸೂರು ದಸರೆಯ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಯ ಆಕಾಶಗಂಗಾ ತಂಡದವರು ಬನ್ನಿಮಂಟಪದ ಮೈದಾನಕ್ಕೆ ಇಳಿದಾಗಲೂ ನಾವು ನೋಡಿದ್ದು ಆ ಬಣ್ಣದ ಕೊಡೆಗಳನ್ನೇ. ಅವರನ್ನು ಮೇಲಕ್ಕೆ ಒಯ್ದವರು ಯಾರೆಂದು ಆಗಲೂ ಕೇಳಿರಲಿಲ್ಲ. ಈ ಸಲ ಹಾಗಾಗಲಿಲ್ಲ. ಹುಡುಗನ ಕಾಲು ಹುಲ್ಲಿಗೆ ತಾಗುವ ಹೊತ್ತಿಗೆ ವಿಮಾನ ಆಗಲೇ ಇಳಿದು ಷೆಡ್ಡಿನ ಕಡೆ ಬರುತ್ತಿತ್ತು. ಪೈಲಟ್ ಇಪ್ಪತ್ತಮೂರು ಇಪ್ಪತ್ನಾಲ್ಕರ ತರುಣ. ಬೆನ್ನಿಗೆ ತೆಳುವಾದೊಂದು ಪ್ಯಾರಾಶೂಟ್. ತೊಡೆಗೆ ಕಟ್ಟಿಕೊಂಡ ಚಿಕ್ಕ ಹಲಗೆಯಲ್ಲಿ ಕಾಗದ, ಕಾಗದದ ಮೇಲೆ ಪೆನ್ಸಿಲಿನ ಗೀಟುಗಳು. ಒಂದು ಸಲ ಜನರನ್ನು ಹೊತ್ತು ಹೋಗಿ ಬಂದರೆ ಒಂದು ಲೋಡ್, ಒಂದು ಲೋಡಿಗೆ ಒಂದು ಗೀಟು. ಸಂಜೆಯ ಹೊತ್ತಿಗೆ ಹನ್ನೊಂದು ಗೀಟುಗಳಾಗಿದ್ದವು. ನೀರಿನ ಬಾಟಲಿ ಖಾಲಿ ಮಾಡುತ್ತ ಅವನು ತನ್ನ ಲೆಕ್ಕ ಹೇಳಿದ. ಇವತ್ತಿಗೆ 640 ಗಂಟೆಯಾಯಿತು, ಇನ್ನು 860 ಬೇಕು.

ಅಲ್ಲಿ ಇವರನ್ನು ಜಂಪ್ ಪೈಲಟ್ ಎನ್ನುತ್ತಾರೆ, ಜಿಗಿಯುವ ಬಯಲನ್ನು ಡ್ರಾಪ್ ಜೋನ್ ಎನ್ನುತ್ತಾರೆ. ಅಮೆರಿಕದಲ್ಲಿ ಸಾಮಾನ್ಯ ದಾರಿಯಲ್ಲಿ ಹೋದರೆ 250 ಗಂಟೆ ಹಾರಿದವರಿಗೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ, ಹಾರಿಸಿ ಹಣ ಪಡೆಯಬಹುದು. ಆದರೆ ಏರ್‌ಲೈನ್‌ನಲ್ಲಿ ಸಹ ಪೈಲಟ್ ಆಗಿ ಕೂರಲು 1,500 ಗಂಟೆ ಆಗಿರಬೇಕು. ಸೇನೆಯಿಂದ ಬಂದವರಿಗೆ, ವಿಮಾನಯಾನದಲ್ಲಿ ಪದವಿ ಪಡೆದವರಿಗೆ ಒಂದಿಷ್ಟು ರಿಯಾಯಿತಿ ಉಂಟು. ನಮ್ಮಲ್ಲಿ ಈ ನಡುದಾರಿಯೇ ಇಲ್ಲ. ಜಕ್ಕೂರಿನಲ್ಲೋ ಇನ್ನೆಲ್ಲೋ ಕಲಿತು 200 ಗಂಟೆಗೆ ಲೈಸೆನ್ಸ್ ಪಡೆದವರು ಏರ್‌ಬಸ್‌ನಂಥ ವಿಮಾನದ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿ ಮುಗಿಸಿ, ಅವಕಾಶ ಸಿಕ್ಕರೆ ನೇರವಾಗಿ ಸಹ ಪೈಲಟ್ ಆಗುತ್ತಾರೆ. ಅಮೆರಿಕದ ಎಳೆಯ ಪೈಲಟ್ ಮಾತ್ರ 250ರಿಂದ 1,500ರವರೆಗಿನ ಆ 1,250 ಗಂಟೆಗಳನ್ನು ಎಲ್ಲಿಂದಲಾದರೂ ಕೂಡಿಹಾಕಬೇಕು. ಬಾಡಿಗೆ ವಿಮಾನಕ್ಕೆ ಗಂಟೆಗೆ 150 ಡಾಲರ್ ಎಂದು ಹಿಡಿದರೂ 1,87,500 ಡಾಲರ್ ಆಗುತ್ತದೆ. ಕೈಯಿಂದ ಹಾಕಿ ಪೂರೈಸುವ ಮೊತ್ತವಲ್ಲ. ಹಾಗಾಗಿ ಕೆಲವರು ಹೊಸಬರಿಗೆ ಹಾರಾಟ ಕಲಿಸುತ್ತಾರೆ, ಕೆಲವರು ಜಾಹೀರಾತಿನ ಬ್ಯಾನರ್ ಎಳೆಯುತ್ತಾರೆ, ಕೆಲವರು ತೈಲದ ಪೈಪ್‌ಲೈನ್ ಮೇಲೆ ಕಾವಲು ಹಾರುತ್ತಾರೆ. ಕೆಲವರು ಸ್ಕೈಡೈವಿಂಗ್ ಕ್ಲಬ್ ಸೇರುತ್ತಾರೆ. ಒಂದು ಲೋಡಿಗೆ ಹೆಚ್ಚುಕಡಿಮೆ ಅರ್ಧ ಗಂಟೆ. 1,250 ಗಂಟೆಯೆಂದರೆ 2,500 ಸಲ ಏರಿ ಇಳಿಯಬೇಕು.

ಈ 1,500 ಎಂಬ ಸಂಖ್ಯೆಯ ಹಿಂದೆ ಒಂದು ದುರಂತವಿದೆ. 2009ರ ಫೆಬ್ರುವರಿ 12ರ ರಾತ್ರಿ ಕೋಲ್ಗನ್ ಏರ್ ಕಂಪನಿಯ 3407ನೇ ವಿಮಾನ ಬಫಲೋ ನಗರದ ಬಳಿ ಒಂದು ಮನೆಯ ಮೇಲೆ ಬಿದ್ದು 50 ಜನ ಸತ್ತರು. ಸತ್ತವರ ಕುಟುಂಬದವರು ಪಟ್ಟು ಹಿಡಿದು ಹೋರಾಡಿದ್ದರಿಂದ 2010ರಲ್ಲಿ ಕಾನೂನು ಬಂತು, 2013ರಲ್ಲಿ ನಿಯಮ ಜಾರಿಯಾಯಿತು. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು. ಗಂಟೆ ಕಡಿಮೆಯಾಗಿದ್ದು ಅಲ್ಲಿಯ ಕಾರಣವಲ್ಲ. ವೇಗ ಕುಸಿದು ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ಅದನ್ನು ಎತ್ತಿಹಿಡಿಯಲಾರದ ಹೊತ್ತಿನಲ್ಲಿ ಮೂತಿಯನ್ನು ಕೆಳಗಿಳಿಸಬೇಕಾದ ಕೈ ಅದನ್ನು ಮೇಲಕ್ಕೆಳೆದಿತ್ತು. ಕಾನೂನು ಗಂಟೆಗಳನ್ನು ಎಣಿಸುತ್ತದೆ, ಆ ಗಂಟೆಯೊಳಗೆ ಏನು ನಡೆಯಿತೆಂದು ಅದಕ್ಕೆ ಕಾಣುವುದಿಲ್ಲ. ಜಂಪ್ ಪೈಲಟ್‌ನ ಅರ್ಧ ಗಂಟೆಯ ಒಳಗೇನಿದೆ ಎಂದು ನೋಡಬೇಕೆನಿಸಿದ್ದು ಇದಕ್ಕೇ.

ಮೊದಲು ಏರಿಕೆ. ನಾಲ್ಕೈದು ಜನರನ್ನು ಹೊತ್ತ ಸೆಸ್ನಾ 182 ಹತ್ತು ಸಾವಿರ ಅಡಿ ಮುಟ್ಟಲು ಇಪ್ಪತ್ತು ನಿಮಿಷಕ್ಕೂ ಮೇಲೆ ಬೇಕು. ಅಷ್ಟೂ ಹೊತ್ತು ಎಂಜಿನ್ ಕೊಸರಾಡುತ್ತಲೇ ಇರುತ್ತದೆ. ಬೇಸಿಗೆಯ ಬಿಸಿಗಾಳಿ ತೆಳುವಾಗಿ ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನಿಗೆ ಉಸಿರು ಸಾಲದು. ಪೈಲಟ್‌ನ ಕಣ್ಣು ಸಿಲಿಂಡರಿನ ತಾಪ ತೋರಿಸುವ ಮುಳ್ಳಿನ ಮೇಲೆ. ಜಿಗಿತಕ್ಕೆ ಕನಿಷ್ಠ ಐದು ನಿಮಿಷ ಮೊದಲೇ ಅವನು ರೇಡಿಯೊದಲ್ಲಿ ಆ ಪ್ರದೇಶದ ವಾಯು ಸಂಚಾರ ನಿಯಂತ್ರಕರ ಸಂಪರ್ಕಕ್ಕೆ ಬಂದಿರಬೇಕು, ಕೆಳಗೆ ಬೇರೆ ವಿಮಾನ ಹಾದುಹೋಗಬಾರದಲ್ಲ.

ಆಮೇಲೆ ಗಾಳಿಯ ಲೆಕ್ಕ. ಹತ್ತು ಸಾವಿರ ಅಡಿಯಿಂದ ಬಿದ್ದವರು ಪ್ಯಾರಾಶೂಟ್ ಬಿಚ್ಚುವವರೆಗೆ ಸುಮಾರು 35 ಸೆಕೆಂಡು ಬೀಳುತ್ತಲೇ ಇರುತ್ತಾರೆ. ಮೇಲಿನ ಗಾಳಿ ಗಂಟೆಗೆ 50 ಕಿಲೋಮೀಟರ್ ಬೀಸುತ್ತಿದ್ದರೆ ಅಷ್ಟರಲ್ಲೇ ಅರ್ಧ ಕಿಲೋಮೀಟರ್ ದೂರ ತಳ್ಳಿಬಿಡುತ್ತದೆ. ಬಿಚ್ಚಿದ ಮೇಲೆ ಕೆಳಗಿನ ಗಾಳಿಯ ಪಾಲು ಬೇರೆ. ಹೀಗಾಗಿ ಇಳಿಯುವ ಬಯಲಿಗಿಂತ ಎಷ್ಟೋ ಆಚೆ, ಗಾಳಿ ಬರುವ ದಿಕ್ಕಿನಲ್ಲಿ ಬಾಗಿಲು ತೆರೆಯಬೇಕು. ಈ ಜಾಗಕ್ಕೆ ಸ್ಪಾಟ್ ಎನ್ನುತ್ತಾರೆ, ಅದರತ್ತ ನೇರ ಸಾಗುವ ಹಾರಾಟಕ್ಕೆ ಜಂಪ್ ರನ್. ಸ್ಪಾಟ್ ತಪ್ಪಿದರೆ ಜನ ಜೋಳದ ಹೊಲಕ್ಕೋ ಕೆರೆಗೋ ಹೆದ್ದಾರಿಗೋ ಇಳಿಯಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಕಷ್ಟದ್ದೆನಿಸಿದ್ದು ಇದರ ಮುಂದಿನ ಅರ್ಧ ನಿಮಿಷ. ‘ಕಟ್’ ಎಂದು ಕೂಗು ಬೀಳುತ್ತದೆ, ಪೈಲಟ್ ಥ್ರಾಟಲ್ ಇಳಿಸಿ ಎಂಜಿನ್ನಿನ ರಭಸ ತಗ್ಗಿಸುತ್ತಾನೆ. ಇಳಿಸದಿದ್ದರೆ ಪ್ರೊಪೆಲರಿನ ಗಾಳಿಗೆ ಹೊರಗೆ ನಿಲ್ಲಲಾಗದು. ಈಗ ವಿಮಾನ ಸ್ಟಾಲ್‌ಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿದೆ. ಬಾಗಿಲು ತೆರೆದಿದೆ, ಇಬ್ಬರು ಮೆಟ್ಟಿಲ ಮೇಲೆ ನಿಂತು ರೆಕ್ಕೆಯ ಆಸರೆಗಂಬ ಹಿಡಿದು ನೇತಾಡುತ್ತಿದ್ದಾರೆ, ಒಂದೇ ಪಕ್ಕಕ್ಕೆ ಭಾರ, ಒಂದೇ ಪಕ್ಕಕ್ಕೆ ಗಾಳಿಯ ತಡೆ. ಮರುಕ್ಷಣ ಅವರಿಲ್ಲ, ವಿಮಾನ ಹಗುರಾಗಿ ತುಯ್ಯುತ್ತದೆ. ಉಳಿದಿಬ್ಬರು ಬಾಗಿಲಿಗೆ ಸರಿಯುತ್ತಾರೆ, ಭಾರ ಮತ್ತೆ ಜಾಗ ಬದಲಿಸುತ್ತದೆ. ಇಪ್ಪತ್ತೆರಡು ಇಪ್ಪತ್ತಮೂರು ಜನ ಹಿಡಿಸುವ ಟ್ವಿನ್ ಆಟರ್‌ನಂಥ ದೊಡ್ಡ ವಿಮಾನದಲ್ಲಿ ಬಾಗಿಲಿರುವುದು ಹಿಂದೆ. ಎಲ್ಲರೂ ಅಲ್ಲಿ ಗುಂಪುಗೂಡಿದರೆ ಬಾಲ ಭಾರವಾಗಿ ಮೂತಿ ಏಳುತ್ತದೆ, ವೇಗ ಸೋರಿಹೋಗುತ್ತದೆ. ಕೋಲ್ಗನ್ ಪೈಲಟ್‌ಗೆ ಎದುರಾದ ಆ ನಿಧಾನದ ಅಂಚಿನಲ್ಲಿ ಜಂಪ್ ಪೈಲಟ್ ದಿನಕ್ಕೆ ಹತ್ತು ಹದಿನೈದು ಸಲ ನಿಂತು ಬರುತ್ತಾನೆ. ಮೂತಿ ಇಳಿಸುವುದು ಅವನ ಅಂಗೈಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ಎಲ್ಲರೂ ಹೋದ ಮೇಲೆ ಅವನೊಬ್ಬನೇ. ವಿಮಾನವನ್ನು ಕೊಂಚ ಓರೆಯಾಗಿಸಿದರೆ ಬಾಗಿಲು ತಾನಾಗಿ ಕೆಳಗೆ ಬೀಳುತ್ತದೆ, ಬಲಗೈ ಚಾಚಿ ಚಿಲಕ ಹಾಕಿಕೊಳ್ಳುತ್ತಾನೆ. ಇನ್ನು ಇಳಿಯುವುದಷ್ಟೇ ಎಂದುಕೊಂಡಿದ್ದೆ. ಅದರಲ್ಲೂ ನಾಜೂಕಿದೆ. ಕೆಳಗೆ 30 ಡಿಗ್ರಿ ಸೆಕೆಯಿದ್ದರೆ ಮೇಲೆ 10 ಡಿಗ್ರಿ ಇರುತ್ತದೆ. ಕಾದ ಎಂಜಿನ್ನನ್ನು ಒಮ್ಮೆಲೇ ಸುಮ್ಮನಾಗಿಸಿ ತಣ್ಣನೆಯ ಗಾಳಿಯಲ್ಲಿ ಧುಮುಕಿದರೆ ಸಿಲಿಂಡರ್ ಬಿರುಕು ಬಿಡಬಹುದೆಂಬ ಭಯ. ಒಲೆಯಿಂದ ಇಳಿಸಿದ ಹಂಚಿಗೆ ತಣ್ಣೀರು ಸುರಿದಂತೆ. ಹಾಗಾಗಿ ಥ್ರಾಟಲನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರಬೇಕು. ಜೊತೆಗೆ ಆಕಾಶದಲ್ಲಿ ತನ್ನವರೇ ತೇಲುತ್ತಿದ್ದಾರೆ, ಅವರಿಂದ ದೂರವಿರಬೇಕು.

ಪೈಲಟ್‌ನ ಬೆನ್ನಿಗೇಕೆ ಪ್ಯಾರಾಶೂಟ್ ಎಂದು ಕೇಳುವವರಿಗೆ ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ಊರಿನ ಘಟನೆ ಹೇಳಬೇಕು. 2013ರ ನವೆಂಬರ್ 2ರಂದು ಒಂಬತ್ತು ಜಿಗಿತಗಾರರನ್ನು ಹೊತ್ತ ಎರಡು ಸೆಸ್ನಾಗಳು ಜೊತೆಜೊತೆಯಾಗಿ ಹಾರುತ್ತ, ಜಿಗಿಯುವ ಹೊತ್ತಿಗೆ ಸರಿಯಾಗಿ ಡಿಕ್ಕಿಯಾದವು. ಒಂದು ಬೆಂಕಿ ಹತ್ತಿ ಒಡೆದುಹೋಯಿತು. ಜಿಗಿತಗಾರರು ಹೇಗೂ ಹಾರಿದರು. ಒಡೆದ ವಿಮಾನದ ಪೈಲಟ್ ತನ್ನ ಪ್ಯಾರಾಶೂಟ್‌ನಲ್ಲಿ ಇಳಿದರು, ಇನ್ನೊಬ್ಬರು ಜಖಂಗೊಂಡ ವಿಮಾನವನ್ನು ರನ್‌ವೇಗೆ ತಂದರು. ಹನ್ನೊಂದೂ ಜನ ಬದುಕಿದರು.

ಎಲ್ಲ ಸಲವೂ ಹೀಗಾಗಿಲ್ಲ. 1992ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್ ವ್ಯಾಲಿಯಲ್ಲಿ ಟ್ವಿನ್ ಆಟರ್ ಒಂದು ನೆಲ ಬಿಟ್ಟ ಕೂಡಲೇ ಬಿದ್ದು 16 ಜನ ಸತ್ತರು. ಇಂಧನ ಕಲುಷಿತವಾಗಿತ್ತು. ಬೆಳಗ್ಗೆ ಟ್ಯಾಂಕಿನ ತಳದಿಂದ ಗಾಜಿನಂಥ ಕೊಳವೆಗೆ ಒಂದಿಷ್ಟು ಪೆಟ್ರೋಲ್ ಬಸಿದು, ಬೆಳಕಿಗೆ ಹಿಡಿದು ನೀರು ಕೂತಿದೆಯೇ ಎಂದು ಇಲಿನಾಯ್‌ನ ಆ ತರುಣ ನೋಡುತ್ತಿದ್ದದ್ದು ಸುಮ್ಮನೆ ಅಲ್ಲ. 2019ರ ಜೂನ್‌ನಲ್ಲಿ ಹವಾಯಿಯ ಡಿಲ್ಲಿಂಗ್‌ಹ್ಯಾಮ್‌ನಲ್ಲಿ ಜಿಗಿತಗಾರರ ವಿಮಾನ ಬಿದ್ದು 11 ಜನ ಸತ್ತದ್ದಕ್ಕೆ ಮುಖ್ಯ ಕಾರಣ ಟೇಕಾಫ್ ಆಗುತ್ತಲೇ ಪೈಲಟ್ ವಿಮಾನವನ್ನು ರಭಸದಿಂದ ತಿರುಗಿಸಿದ್ದು ಎಂದು ತನಿಖಾ ಮಂಡಳಿ ಹೇಳಿತು. ಜಂಪ್ ಪೈಲಟ್‌ಗೆ ಅದೇ ರನ್‌ವೇ, ಅದೇ ಬಯಲು, ದಿನಕ್ಕೆ ಹತ್ತಾರು ಸಲ. ಬೇಸರ ಕವಿಯುತ್ತದೆ, ಬೇಸರಕ್ಕೆ ಮದ್ದಾಗಿ ಸಾಹಸ ಬೇಕೆನಿಸುತ್ತದೆ. ಹೊರಟ ಜಾಗದಿಂದ 25 ಮೈಲಿಯೊಳಗೇ ಸುತ್ತುವ ಇಂಥ ಹಾರಾಟಕ್ಕೆ ಚಾರ್ಟರ್ ವಿಮಾನಗಳ ಬಿಗಿ ನಿಯಮಗಳು ಅನ್ವಯಿಸುವುದಿಲ್ಲ. ಇದು ಸರಿಯೆಂದು ನನಗೆ ಅನಿಸುವುದಿಲ್ಲ. ಹುಟ್ಟುಹಬ್ಬಕ್ಕೆಂದು ದುಡ್ಡು ಕೊಟ್ಟು ಒಂದೇ ಒಂದು ಸಲ ಜಿಗಿಯಲು ಬಂದವರು ಆ ವಿಮಾನದ ಪ್ರಯಾಣಿಕರೇ ಅಲ್ಲವೇ?

ಗಂಟೆ ಕೂಡಿಸುವ ದಾರಿಯಾಗಿಯೂ ಇದರಲ್ಲಿ ಕೊರತೆಯುಂಟು. ಏರ್‌ಲೈನ್‌ಗೆ ಬೇಕಾದ 1,500ರೊಳಗೆ 500 ಗಂಟೆ ದೂರ ಪ್ರಯಾಣದ್ದಾಗಿರಬೇಕು, 100 ಗಂಟೆ ರಾತ್ರಿಯದು, 75 ಗಂಟೆ ಉಪಕರಣ ನೋಡಿಯೇ ಹಾರಿದ್ದು. ಹಗಲು ಹೊತ್ತಿನಲ್ಲಿ, ತಿಳಿ ಆಕಾಶದಲ್ಲಿ, ಹೊರಟಲ್ಲಿಗೇ ಮರಳುವ ಜಂಪ್ ಪೈಲಟ್‌ಗೆ ಇವು ಮೂರೂ ಸಿಗುವುದಿಲ್ಲ. ಹಾರಾಟದ ಲೆಕ್ಕ ಬರೆಯುವ ಲಾಗ್‌ಬುಕ್ ತುಂಬಿದರೂ ಬೇಕಾದ ಕಾಲಂ ಖಾಲಿ. ಆದರೂ ಕಾದು ಕೂತವರಿಗೆ ಒಂದು ಭಾಗ್ಯವುಂಟು. ಸೆಸ್ನಾ 182ರಿಂದ ಶುರು ಮಾಡಿದವರನ್ನು ಕ್ಲಬ್ಬಿನವರು ನಂಬಿಕೆ ಬಂದ ಮೇಲೆ ಕ್ಯಾರವಾನ್, ಟ್ವಿನ್ ಆಟರ್‌ನಂಥ ದೊಡ್ಡ ವಿಮಾನಗಳಿಗೆ ಏರಿಸುತ್ತಾರೆ. ಟರ್ಬೈನ್ ಎಂಜಿನ್ನಿನ ಅನುಭವ ಅಷ್ಟು ಎಳೆಯ ವಯಸ್ಸಿಗೆ ಬೇರೆಡೆ ಸುಲಭವಾಗಿ ದೊರಕದು.

ಅಂದು ಕತ್ತಲಾಗುವ ಮುನ್ನ ಕೊನೆಯ ಲೋಡ್ ಮುಗಿಯಿತು. ಜಿಗಿದವರು ಪ್ಯಾರಾಶೂಟ್ ಮಡಚುತ್ತ, ತಮ್ಮ ವಿಡಿಯೊ ತಾವೇ ನೋಡಿ ನಗುತ್ತ ಷೆಡ್ಡಿನೊಳಗಿದ್ದರು. ತರುಣ ರೆಕ್ಕೆಗಳನ್ನು ಹಗ್ಗದಿಂದ ನೆಲದ ಕೊಂಡಿಗಳಿಗೆ ಬಿಗಿದು, ರೆಕ್ಕೆಯ ಕೆಳಗೇ ಕೂತು ಲಾಗ್‌ಬುಕ್ ತೆರೆದ. ತಾರೀಕು, ವಿಮಾನದ ನಂಬರು. ಲ್ಯಾಂಡಿಂಗ್ 11. ಸಮಯ 5.6. ದೂರ ಪ್ರಯಾಣ, ರಾತ್ರಿ, ಉಪಕರಣ, ಈ ಮೂರು ಕಾಲಂಗಳಲ್ಲಿ ಅಡ್ಡಗೆರೆ ಎಳೆದ. ಷರಾ ಎಂಬಲ್ಲಿ ಒಂದು ಕ್ಷಣ ಯೋಚಿಸಿ, ಪಡುವಣ ಗಾಳಿ ಜೋರಿತ್ತು, ಎಲ್ಲರೂ ಬಯಲಿನಲ್ಲೇ ಇಳಿದರು ಎಂದು ಬರೆದ.