ಕೇಂಬ್ರಿಡ್ಜ್ ಅಂತರ ಕಾಲೇಜು ಕ್ರೈಸ್ತ ಸಂಘ

ಕೇಂಬ್ರಿಡ್ಜ್ ಅಂತರ ಕಾಲೇಜು ಕ್ರೈಸ್ತ ಸಂಘವು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1877ರಲ್ಲಿ ಸ್ಥಾಪಿಸಿದ ಪ್ರಾಟೆಸ್ಟಂಟ್ ಕ್ರೈಸ್ತ ಸಂಘಟನೆಯಾಗಿದೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ಕಿಕ್ಯೂ’ ಎಂದು ಕರೆಯುವುದು ರೂಢಿ. ಬೈಬಲಿನ ಪ್ರಾಮಾಣ್ಯ, ಯೇಸುವಿನ ಶಿಲುಬೆಯ ಮರಣ ಹಾಗೂ ವ್ಯಕ್ತಿಯ ಮನಃಪರಿವರ್ತನೆ ಇವುಗಳಿಗೆ ಪ್ರಾಧಾನ್ಯ ಕೊಡುವ ಸುವಾರ್ತಾವಾದಿ ಪಂಥಕ್ಕೆ ಇದು ಸೇರಿದೆ. ವಿದ್ಯಾರ್ಥಿಗಳೇ ನಡೆಸುವ ವಾರದ ಸಭೆಗಳು ಈ ಸಂಘದ ಜೀವಾಳ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೇಂಬ್ರಿಡ್ಜಿನಲ್ಲಿ ಧಾರ್ಮಿಕ ಆಚರಣೆಗೆ ಕೊರತೆಯಿರಲಿಲ್ಲ. ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ವಿದ್ಯಾರ್ಥಿಗಳು ಹಾಜರಾಗಬೇಕೆಂಬ ನಿಯಮವಿತ್ತು. ಆದರೆ ನಿಯಮಕ್ಕಾಗಿ ಬರುವುದು ಬೇರೆ, ತಾವಾಗಿ ಬಯಸಿ ಸೇರುವುದು ಬೇರೆ. ಈ ಎರಡನೆಯ ಬಗೆಯ ಕೂಟಕ್ಕೆ ಅಡಿಪಾಯ ಹಾಕಿದವರಲ್ಲಿ ಚಾರ್ಲ್ಸ್ ಸಿಮಿಯನ್ (1759–1836) ಪ್ರಮುಖರು. ನಗರದ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಪಾದ್ರಿಯಾಗಿದ್ದ ಅವರು ವಿದ್ಯಾರ್ಥಿಗಳನ್ನು ತಮ್ಮ ಕೊಠಡಿಗೆ ಕರೆದು, ಚಹಾ ಕೊಟ್ಟು, ಅವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಅವರ ಪ್ರಭಾವಕ್ಕೆ ಒಳಗಾದ ಹೆನ್ರಿ ಮಾರ್ಟಿನ್ 1806ರಲ್ಲಿ ಭಾರತಕ್ಕೆ ಬಂದು, ಹೊಸ ಒಡಂಬಡಿಕೆಯನ್ನು ಉರ್ದು ಭಾಷೆಗೆ ಅನುವಾದಿಸಿದರು.

ಮುಂದೆ ವಿದ್ಯಾರ್ಥಿಗಳು ತಾವೇ ಮುಂದಾಳತ್ವ ವಹಿಸಿದರು. 1862ರಲ್ಲಿ ದಿನನಿತ್ಯದ ಪ್ರಾರ್ಥನಾ ಕೂಟವೊಂದು ಆರಂಭವಾಯಿತು. ವಿಶ್ವವಿದ್ಯಾಲಯದ ಬಹುತೇಕ ಪದವಿ ಮತ್ತು ಹುದ್ದೆಗಳಿಗೆ ಇದ್ದ ಮತಸಂಬಂಧಿ ನಿರ್ಬಂಧಗಳು 1871ರ ಶಾಸನದಿಂದ ತೊಲಗಿದವು. ಅದಾದ ಆರು ವರ್ಷಗಳಿಗೆ, ಬೇರೆ ಬೇರೆ ಕಾಲೇಜುಗಳಲ್ಲಿದ್ದ ಕೂಟಗಳನ್ನು ಒಂದುಗೂಡಿಸಿ ಸಂಘವನ್ನು ಸ್ಥಾಪಿಸಲಾಯಿತು.

ಸಭೆಗಳ ಸ್ವರೂಪ

ಕೇಂಬ್ರಿಡ್ಜಿನ ಶೈಕ್ಷಣಿಕ ವರ್ಷದಲ್ಲಿ ಮೂರು ಅವಧಿಗಳಿದ್ದು, ಬೋಧನೆ ನಡೆಯುವುದು ಪ್ರತಿ ಅವಧಿಯಲ್ಲಿ ಸುಮಾರು ಎಂಟು ವಾರ ಮಾತ್ರ. ಪದವಿ ವ್ಯಾಸಂಗ ಸಾಮಾನ್ಯವಾಗಿ ಮೂರು ವರ್ಷದ್ದು. ಹೀಗಾಗಿ ಸದಸ್ಯರು ಬೇಗ ಬದಲಾಗುತ್ತಾರೆ. ಕಾರ್ಯಕಾರಿ ಸಮಿತಿಯೂ ವಿದ್ಯಾರ್ಥಿಗಳದೇ ಆದುದರಿಂದ ಅನುಭವಿಗಳು ಉಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ಸಂಘವನ್ನು ಹಿಡಿದಿಟ್ಟದ್ದು ವಾರದ ನಿಶ್ಚಿತ ಕ್ರಮ. ಬಹುಕಾಲ ರೂಢಿಯಲ್ಲಿದ್ದ ಆ ಕ್ರಮ ಹೀಗಿತ್ತು:

ದೈನಿಕ ಪ್ರಾರ್ಥನೆ: ಸಹಪಾಠಿಗಳಿಗಾಗಿ ಮತ್ತು ಸಂಘದ ಕೆಲಸಕ್ಕಾಗಿ ನಡೆಯುವ ಕಿರು ಸಭೆ. ಹೋಲಿ ಟ್ರಿನಿಟಿ ಚರ್ಚಿನ ಪಕ್ಕದಲ್ಲಿ ಹೆನ್ರಿ ಮಾರ್ಟಿನ್ನರ ಹೆಸರಿನಲ್ಲಿ ಕಟ್ಟಿದ ಸಭಾಭವನ ಇದಕ್ಕೆ ನೆಲೆಯಾಗಿತ್ತು.

ಶನಿವಾರದ ಬೈಬಲ್ ವಾಚನ: ಆಹ್ವಾನಿತ ಉಪನ್ಯಾಸಕರು ಬೈಬಲಿನ ಒಂದು ಭಾಗವನ್ನು ವಿವರಿಸುವ ಸಂಜೆಯ ಸಭೆ. ಇದು ಮುಖ್ಯವಾಗಿ ಸದಸ್ಯರ ಬೋಧನೆಗಾಗಿ.

ಭಾನುವಾರದ ಪ್ರವಚನ: ಕ್ರೈಸ್ತ ನಂಬಿಕೆಯಿಲ್ಲದ ಅಥವಾ ಅದರ ಬಗ್ಗೆ ಸಂಶಯವಿರುವ ಗೆಳೆಯರನ್ನು ಕರೆತರುವುದಕ್ಕಾಗಿ ಏರ್ಪಡಿಸಿದ ಬಹಿರಂಗ ಸಭೆ.

ಕಾಲೇಜು ಕೂಟ: ಆಯಾ ಕಾಲೇಜಿನ ಕೆಲವೇ ವಿದ್ಯಾರ್ಥಿಗಳು ಒಬ್ಬರ ಕೊಠಡಿಯಲ್ಲಿ ಸೇರಿ ಬೈಬಲ್ ಓದಿ ಚರ್ಚಿಸುವುದು.

ಸಭೆಗಳಿಗೆ ಯಾರು ಬೇಕಾದರೂ ಬರಬಹುದು. ಆದರೆ ಸಮಿತಿಯ ಸದಸ್ಯರೂ ಉಪನ್ಯಾಸಕರೂ ಸಂಘದ ನಂಬಿಕೆಯ ಸೂತ್ರಗಳನ್ನು ಒಪ್ಪಬೇಕು. ಕೇಳುವವರಿಗೆ ಬಾಗಿಲು ತೆರೆದಿದ್ದು, ಹೇಳುವವರಿಗೆ ಕಟ್ಟುಪಾಡು ವಿಧಿಸುವ ಈ ಪದ್ಧತಿಯು ಸಂಘದ ಏಕತೆಗೂ ಅದರ ಮೇಲಿನ ಟೀಕೆಗೂ ಕಾರಣವಾಗಿದೆ.

1910ರ ಒಡಕು

1885ರಲ್ಲಿ ಚೀನಾಕ್ಕೆ ಮಿಷನರಿಗಳಾಗಿ ಹೋದ ‘ಕೇಂಬ್ರಿಡ್ಜಿನ ಏಳು ಮಂದಿ’ಯಿಂದ ಸಂಘದ ಹೆಸರು ದೂರ ದೂರಕ್ಕೆ ಹಬ್ಬಿತು. ಇಂಗ್ಲೆಂಡ್ ತಂಡದ ಕ್ರಿಕೆಟ್ ಆಟಗಾರ ಸಿ. ಟಿ. ಸ್ಟಡ್ ಅವರಲ್ಲೊಬ್ಬರು. ಈ ಉತ್ಸಾಹದ ಹಿನ್ನೆಲೆಯಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಕ್ರೈಸ್ತ ಸಂಘಗಳೆಲ್ಲ ಕೂಡಿ ಒಂದು ಚಳವಳಿಯಾದವು. ಅದೇ ಮುಂದೆ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಎಂಬ ಹೆಸರು ಪಡೆಯಿತು.

ಬೈಬಲನ್ನು ಐತಿಹಾಸಿಕ ವಿಮರ್ಶೆಯ ದೃಷ್ಟಿಯಿಂದ ಓದುವ ಹೊಸ ವಿದ್ವತ್ತನ್ನು ಆ ಚಳವಳಿ ಸ್ವಾಗತಿಸಿತು. ಸಾಮಾಜಿಕ ಪ್ರಶ್ನೆಗಳಿಗೂ ಭಿನ್ನ ಅಭಿಪ್ರಾಯಗಳಿಗೂ ತನ್ನಲ್ಲಿ ಸ್ಥಾನ ಕೊಟ್ಟಿತು. ಇದರಿಂದ ಮೂಲ ಸಂದೇಶ ತೆಳುವಾಗುತ್ತದೆ ಎಂಬುದು ಕೇಂಬ್ರಿಡ್ಜ್ ಸಂಘದ ಆತಂಕ. ಕಾಲದ ಜ್ಞಾನದಿಂದ ಮುಖ ತಿರುಗಿಸಿದರೆ ವಿದ್ಯಾವಂತರ ನಡುವೆ ಧರ್ಮಕ್ಕೆ ನೆಲೆಯಿರದು ಎಂಬುದು ಎದುರು ಪಕ್ಷದ ವಾದ. 1910ರಲ್ಲಿ ಸಂಘವು ಚಳವಳಿಯಿಂದ ಹೊರಬಂದಿತು. ಒಪ್ಪದವರು ಕೇಂಬ್ರಿಡ್ಜಿನಲ್ಲಿಯೇ ಬೇರೆ ಸಂಘಟನೆಯಾಗಿ ಮುಂದುವರಿದರು.

ಮೊದಲ ಮಹಾಯುದ್ಧದ ತರುವಾಯ, 1919ರಲ್ಲಿ, ಎರಡು ಪಕ್ಷಗಳನ್ನು ಮತ್ತೆ ಕೂಡಿಸುವ ಮಾತುಕತೆ ನಡೆಯಿತು. ಅದರಲ್ಲಿ ಭಾಗವಹಿಸಿದ್ದ ನಾರ್ಮನ್ ಗ್ರಬ್ ಅವರ ನಿರೂಪಣೆಯಂತೆ, ಯೇಸುವಿನ ಪ್ರಾಯಶ್ಚಿತ್ತ ಮರಣವು ಬೋಧನೆಯ ಕೇಂದ್ರವಾಗಿರುವುದೇ ಎಂಬ ಒಂದೇ ಪ್ರಶ್ನೆಯ ಮೇಲೆ ಮಾತುಕತೆ ಮುರಿದುಬಿತ್ತು. ಎದುರು ಪಕ್ಷದವರು ಆ ತತ್ತ್ವವನ್ನು ನಿರಾಕರಿಸಲಿಲ್ಲ. ಅದೇ ಕೇಂದ್ರವಾಗಬೇಕೆಂಬುದನ್ನು ಮಾತ್ರ ಒಪ್ಪಲಿಲ್ಲ.

ಪ್ರಭಾವ ಮತ್ತು ವಿಮರ್ಶೆ

ಅದೇ ವರ್ಷದ ಕೊನೆಯಲ್ಲಿ ಆರಂಭವಾದ ಅಂತರ ವಿಶ್ವವಿದ್ಯಾಲಯ ಸಮ್ಮೇಳನಗಳು 1928ರಲ್ಲಿ ಇಂಟರ್ ವಾರ್ಸಿಟಿ ಫೆಲೋಶಿಪ್ ಎಂಬ ಒಕ್ಕೂಟಕ್ಕೆ ದಾರಿಮಾಡಿದವು. 1947ರಲ್ಲಿ ಇದೇ ನಿಲುವಿನ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪನೆಯಾಯಿತು.

ವಿಮರ್ಶೆಗಳೂ ನಿಂತಿಲ್ಲ. 1955ರಲ್ಲಿ ಸಂಘದ ಆಹ್ವಾನದ ಮೇರೆಗೆ ಬಿಲ್ಲಿ ಗ್ರಹಾಂ ಕೇಂಬ್ರಿಡ್ಜಿನಲ್ಲಿ ಪ್ರವಚನ ನೀಡಲಿದ್ದಾಗ, ಇಂಥ ಬೋಧನೆ ವಿಶ್ವವಿದ್ಯಾಲಯಕ್ಕೆ ತಕ್ಕುದೇ ಎಂಬ ಚರ್ಚೆ ‘ದಿ ಟೈಮ್ಸ್’ ಪತ್ರಿಕೆಯ ಪತ್ರ ವಿಭಾಗದಲ್ಲಿ ನಡೆಯಿತು. ಇತ್ತ 1960ರ ದಶಕದ ನಂತರ ಬ್ರಿಟನ್ನಿನಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟಿನ ಬಲ ಬಹಳ ಕುಗ್ಗಿತು.

ಭಾರತದಲ್ಲಿ

ಕೇಂಬ್ರಿಡ್ಜಿನಲ್ಲಿ ಕವಲೊಡೆದ ಎರಡು ಧಾರೆಗಳೂ ಭಾರತದಲ್ಲಿ ಉಳಿದಿವೆ. 1912ರಲ್ಲಿ ಆರಂಭವಾದ ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟಿನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಸುವಾರ್ತಾವಾದಿ ಧಾರೆಗೆ ಸೇರಿದ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಚೆನ್ನೈ. ಕಾಲೇಜುಗಳಲ್ಲಿನ ಇದರ ಕೂಟಗಳನ್ನು ‘ಇ.ಯು.’ ಎಂದು ಕರೆಯುತ್ತಾರೆ. ಪ್ರಾರ್ಥನೆ, ಬೈಬಲ್ ಅಧ್ಯಯನ ಮತ್ತು ವಿದ್ಯಾರ್ಥಿಗಳದೇ ನಾಯಕತ್ವ ಎಂಬ ಕ್ರಮ ಇಲ್ಲಿಯೂ ರೂಢಿಯಲ್ಲಿದೆ.